ಥಾಮ್ ಲುವಾಂಗ್ ಗುಹೆಯ ಕಥೆ ಇಟ್ಟುಕೊಂಡು ಇಂಗ್ಲಿಷ್ ಕಲಿಸುವುದು ಹೇಗೆ?

ಹೊಂಗೆಮರ
ಕನ್ನಡ ಮಾಧ್ಯಮದ 9, 10ನೇ ತರಗತಿಯವರಿಗೆ, ಹಾಗೆಯೇ ಡಿಗ್ರಿ ಮುಗಿದರೂ ಇಂಗ್ಲಿಷ್ ವಾಕ್ಯ ಕಟ್ಟಲು ತಡವರಿಸುವವರಿಗೆ ಒಂದೇ ನಿಜ ಘಟನೆಯ ಮೇಲೆ ಎರಡು ವಾರದ ಪಾಠ ಮಾಡಬೇಕು ಅಂತ ಯೋಜನೆ. ಆಯ್ದುಕೊಂಡಿರುವುದು 2018ರ ಥಾಯ್ಲೆಂಡ್ ಗುಹೆ ಪ್ರಕರಣ. ಸಾರಾಂಶ ಇಷ್ಟು:

ಜೂನ್ 23, ಶನಿವಾರ. ಚಿಯಾಂಗ್ ರಾಯ್ ಪ್ರಾಂತ್ಯದ ಫುಟ್‌ಬಾಲ್ ತಂಡವೊಂದರ 12 ಹುಡುಗರು, ವಯಸ್ಸು 11ರಿಂದ 16, ಅಭ್ಯಾಸ ಮುಗಿಸಿ ತಮ್ಮ 25 ವರ್ಷದ ಸಹಾಯಕ ಕೋಚ್ ಜೊತೆ ಥಾಮ್ ಲುವಾಂಗ್ ಗುಹೆಗೆ ಹೋದರು. ಸೈಕಲ್‌ಗಳನ್ನು ಗುಹೆಯ ಬಾಯಲ್ಲೇ ಬಿಟ್ಟಿದ್ದರು. ಮಳೆ ಸುರಿದು ಒಳದಾರಿಗೆ ನೀರು ನುಗ್ಗಿತು. ಹಿಂದೆ ಬರಲಾಗದೆ ಅವರು ಒಳಗೊಳಗೆ ಸರಿದು, ಬಾಯಿಂದ ಸುಮಾರು 4 ಕಿ.ಮೀ. ದೂರದ ಒಂದು ಎತ್ತರದ ಜಾಗದಲ್ಲಿ ಕೂತರು. ಬಂಡೆಯಿಂದ ತೊಟ್ಟಿಕ್ಕುವ ನೀರು ಕುಡಿದರು. ಜುಲೈ 2ರ ರಾತ್ರಿ ರಿಕ್ ಸ್ಟಾಂಟನ್, ಜಾನ್ ವೊಲಾಂಥೆನ್ ಎಂಬ ಇಬ್ಬರು ಬ್ರಿಟಿಷ್ ಡೈವರ್‌ಗಳು ಅವರನ್ನು ಪತ್ತೆಹಚ್ಚಿದರು. ಜುಲೈ 6ರಂದು, ಉಸಿರಾಟದ ಗಾಳಿಯ ಸಿಲಿಂಡರ್ ಒಳಗೆ ಇಟ್ಟು ಮರಳುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಡೈವರ್ ಸಮನ್ ಕುನಾನ್ ತೀರಿಕೊಂಡರು. ಜುಲೈ 8, 9, 10ರಂದು ನಾಲ್ಕು, ನಾಲ್ಕು, ಐದು ಜನರಂತೆ ಎಲ್ಲ 13 ಮಂದಿಯೂ ಜೀವಂತ ಹೊರಗೆ ಬಂದರು.

ಪಾತ್ರಗಳು ಕಡಿಮೆ, ಜಾಗ ಒಂದೇ, ದಿನಾಂಕಗಳು ಸ್ಪಷ್ಟ. ಅದಕ್ಕೇ ಆರಿಸಿದ್ದು. ಕಥೆಯನ್ನು ಮೊದಲು ಪೂರ್ತಿ ಕನ್ನಡದಲ್ಲಿ ಹೇಳಿ, ಆಮೇಲೆ 200–250 ಪದದ ಇಂಗ್ಲಿಷ್ ರೂಪ ಕೊಡಬೇಕು ಅಂದುಕೊಂಡಿದ್ದೇನೆ. ಏನಾಯಿತು ಅನ್ನುವುದು ಮೊದಲೇ ಗೊತ್ತಿದ್ದರೆ ಓದುವವರ ಗಮನ ವಾಕ್ಯ ಹೇಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಯಾವ ಪದ, ಯಾವ ವ್ಯಾಕರಣ ಎತ್ತಿಕೊಳ್ಳಬೇಕು, ಎಲ್ಲಿ ಎಡವುತ್ತಾರೆ, ತಿಳಿದವರು ಹೇಳಿ. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲೇ ಬರೆಯೋಣ.

ತುಂಗಾತೀರ
ಈ ಘಟನೆಯ ದೊಡ್ಡ ಅನುಕೂಲ ನೀವು ಹೇಳಲಿಲ್ಲ. ಡೈವರ್‌ಗಳು ಹುಡುಗರನ್ನು ಕಂಡ ಕ್ಷಣದ ವಿಡಿಯೋ ಇದೆ, ಡೈವರ್‌ಗಳ ಜೊತೆಗಿನ ಮಾತು ಇಂಗ್ಲಿಷ್‌ನಲ್ಲೇ ನಡೆದಿದೆ. ಉತ್ತರ ಕೊಟ್ಟವನು ಇಂಗ್ಲಿಷ್ ಬರುತ್ತಿದ್ದ 14 ವರ್ಷದ ಹುಡುಗ. ಅವನದೂ ಶಾಲೆಯಲ್ಲಿ ಕಲಿತ ಇಂಗ್ಲಿಷೇ. ವೊಲಾಂಥೆನ್ ಕೇಳುತ್ತಾರೆ: ‘ಹೌ ಮೆನಿ ಆಫ್ ಯು?’ ಅವನು: ‘ಥರ್ಟೀನ್.’ ಇವರು: ‘ಥರ್ಟೀನ್? ಬ್ರಿಲಿಯಂಟ್!’ ಮುಂದೆ ‘ಮೆನಿ ಪೀಪಲ್ ಆರ್ ಕಮಿಂಗ್’, ‘ವಿ ಆರ್ ದ ಫಸ್ಟ್’, ‘ಯು ಹ್ಯಾವ್ ಬೀನ್ ಹಿಯರ್ ಟೆನ್ ಡೇಸ್’, ‘ಯು ಆರ್ ವೆರಿ ಸ್ಟ್ರಾಂಗ್’.

ಎರಡು ವಾರದ ಪಾಠಕ್ಕೆ ಈ ಐದಾರು ವಾಕ್ಯವೇ ಸಾಕು. ಅದರಲ್ಲೂ ‘ಯು ಹ್ಯಾವ್ ಬೀನ್ ಹಿಯರ್ ಟೆನ್ ಡೇಸ್’ ನಮ್ಮವರಿಗೆ ಚಿನ್ನ. ಕನ್ನಡದಲ್ಲಿ ಇದನ್ನೇ ‘ನೀವು ಹತ್ತು ದಿನದಿಂದ ಇಲ್ಲಿದ್ದೀರಿ’ ಅನ್ನುತ್ತೇವೆ. ಕ್ರಿಯಾಪದ ವರ್ತಮಾನದ್ದು, ಕಾಲಕ್ಕೆ ‘ಇಂದ’. ಮಕ್ಕಳು ಹಾಗೇ ಎತ್ತಿ ‘ಯು ಆರ್ ಹಿಯರ್ ಫ್ರಮ್ ಟೆನ್ ಡೇಸ್’ ಅಂತ ಬರೆಯುತ್ತಾರೆ. ‘ತಪ್ಪು, ಹ್ಯಾವ್ ಬೀನ್ ಹಾಕು’ ಅಂದರೆ ಮುಗಿಯಲಿಲ್ಲ, ನಾಳೆ ಅದೇ ತಪ್ಪು. ‘ಇಂದ’ ಬಂದಲ್ಲೆಲ್ಲ ನಿಂತು ನೋಡುವ ಅಭ್ಯಾಸ ಮಾಡಿಸಬೇಕು: ಅದರ ಹಿಂದೆ ಇರುವುದು ಅವಧಿಯೋ, ಶುರುವಾದ ಹೊತ್ತೋ? ಹತ್ತು ದಿನ ಅವಧಿ, ಅದಕ್ಕೆ ‘ಫಾರ್’. ಶನಿವಾರ ಶುರುವಾದ ಹೊತ್ತು, ಅದಕ್ಕೆ ‘ಸಿನ್ಸ್’. ಎರಡರಲ್ಲೂ ಕ್ರಿಯಾಪದ ‘ಹ್ಯಾವ್ ಬೀನ್’. ಡೈವರ್ ‘ಫಾರ್’ ಬಿಟ್ಟಿದ್ದಾರಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಾತಿನಲ್ಲಿ ‘ಫಾರ್’ ಬಿಡಬಹುದು. ‘ಸಿನ್ಸ್’ ಬಿಡುವಂತಿಲ್ಲ.

ಇನ್ನೊಂದು ತುದಿಯನ್ನೂ ತೋರಿಸಿ. ಇವತ್ತು ಕಥೆ ಹೇಳುವವನು ‘ದೇ ಹ್ಯಾವ್ ಬೀನ್ ಇನ್ ದ ಕೇವ್ ಫಾರ್ ಟೂ ವೀಕ್ಸ್’ ಅಂದರೆ ಹುಡುಗರು ಇನ್ನೂ ಒಳಗೇ ಇದ್ದಾರೆ ಎಂದಾಗುತ್ತದೆ. ಹೊರಗೆ ಬಂದಾಯಿತಲ್ಲ, ಈಗ ‘ದೇ ವರ್’. ಡೈವರ್ ಗುಹೆಯೊಳಗೆ ಅದೇ ಕ್ಷಣ ಹೇಳಿದ್ದಕ್ಕೆ ‘ಹ್ಯಾವ್ ಬೀನ್’ ಸರಿ, ನಾವು ವರ್ಷಗಳ ನಂತರ ಹೇಳುವುದಕ್ಕೆ ‘ವರ್’ ಸರಿ. ಯಾವ ಕಾಲರೂಪ ಅನ್ನುವುದು ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆ ಹೋಗುತ್ತದೆ. ಈ ಕಥೆಯಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಅಂಚೆಪೆಟ್ಟಿಗೆ
ಜೂನ್ 23ರಿಂದ ಜುಲೈ 2ಕ್ಕೆ ಒಂಬತ್ತೇ ದಿನ ಅಲ್ಲವೇ? ಲೆಕ್ಕದ ಹುಡುಗರು ಬಿಡುವುದಿಲ್ಲ.

ತುಂಗಾತೀರ
ಕಳೆದರೆ ಒಂಬತ್ತು. ಒಳಗೆ ಹೋದ ಶನಿವಾರ, ಸಿಕ್ಕ ಸೋಮವಾರ ಎರಡನ್ನೂ ಸೇರಿಸಿ ಎಣಿಸಿದರೆ ಹತ್ತು. ಅದೇ ಲೆಕ್ಕದಲ್ಲಿ ಕೊನೆಯವರು ಹೊರಬಂದದ್ದು 18ನೇ ದಿನ. ‘ಆನ್ ದ ಎಯ್ಟೀಂತ್ ಡೇ’ ಅನ್ನುವುದನ್ನೂ ಇಲ್ಲೇ ಕಲಿಸಿಬಿಡಿ.

ಜೋಳದರೊಟ್ಟಿ
ನಮ್ಮ ಕಡೆ ಹುಡುಗ್ರು ಮೊದಲನೇ ಸಾಲಿನಾಗ ಮಾಡೋ ತಪ್ಪು ಬ್ಯಾರೆ ಐತ್ರಿ. ‘ದೇ ಟ್ರ್ಯಾಪ್ಡ್ ಇನ್ ಕೇವ್.’ ಯಾಕಂದ್ರ ಕನ್ನಡದಾಗ ‘ಸಿಕ್ಕಿಹಾಕಿಕೊಂಡ್ರು’ ಅನ್ನೋದು ಅವರೇ ಮಾಡಿದ ಕೆಲಸದ ಗತೆ ಇರತೈತಿ. ಇಂಗ್ಲಿಷ್‌ನಾಗ ‘ಟ್ರ್ಯಾಪ್’ ಅಂದ್ರ ಯಾರೋ ಯಾರನ್ನೋ ಸಿಕ್ಕಿಸೋದು. ಇಲ್ಲಿ ಸಿಕ್ಕಿಸಿದ್ದು ನೀರು, ಸಿಕ್ಕವರು ಹುಡುಗ್ರು. ಹಿಂಗಾಗಿ ‘ದೇ ವರ್ ಟ್ರ್ಯಾಪ್ಡ್’. ಇದ ಸಾಲಿನಾಗ ‘ವರ್ ಫೌಂಡ್’, ‘ವರ್ ರೆಸ್ಕ್ಯೂಡ್’, ‘ವರ್ ಟೇಕನ್ ಟು ಹಾಸ್ಪಿಟಲ್’ ಎಲ್ಲಾ ಬರತಾವ. ಪ್ಯಾಸಿವ್ ವಾಯ್ಸ್ ಅಂತ ಹೆಸರು ಹೇಳಿ ‘ರಾಮ ರಾವಣನನ್ನು ಕೊಂದನು’ ಅಂತ ತಿರುಗಿಸೂಕಿಂತ ಇದು ಛಲೋ. ಇಲ್ಲಿ ಪ್ಯಾಸಿವ್ ಖರೇನ ಬೇಕಾಗೈತಿ. ಹುಡುಗ್ರು ಏನೂ ಮಾಡಿಲ್ಲ, ಅವರಿಗೆ ಆಗೇತಿ.

ಒಂದು ಜ್ವಾಕಿ: ‘ಸರ್ವೈವ್’ ಮಾತ್ರ ಅವರ ಮಾಡಿದ್ದು. ‘ವರ್ ಸರ್ವೈವ್ಡ್’ ಅಂತ ಬರಿಯಾಕ ಬಿಡಬ್ಯಾಡ್ರಿ. ಒಮ್ಮೆ ‘ವರ್’ ರೂಢಿ ಆತಂದ್ರ ಎಲ್ಲಾ ಕಡೆ ಹಚ್ಚತಾರ.

ಕಡಲಕರೆ
ಸರ್ವೈವ್ ವಿಷಯ ಬಂದದ್ದು ಒಳ್ಳೆಯದಾಯ್ತು ಮಾರಾಯ್ರೆ. ಅದರ ಮುಂದೆ ‘ಫ್ರಮ್’ ಬರುವುದಿಲ್ಲ. ‘ಪ್ರವಾಹದಿಂದ ಬದುಕಿ ಬಂದರು’ ಅನ್ನುವ ‘ಇಂದ’ ತಲೆಯಲ್ಲಿ ಕೂತಿರುತ್ತದೆ, ಹಾಗಾಗಿ ‘ಸರ್ವೈವ್ಡ್ ಫ್ರಮ್ ಫ್ಲಡ್’. ಬೇಕಾದದ್ದು ‘ಸರ್ವೈವ್ಡ್ ದ ಫ್ಲಡ್’. ಇದೇ ಜಾತಿಯವು ಈ ಕಥೆಯಲ್ಲೇ ಇನ್ನೂ ಮೂರು ಉಂಟು. ‘ರೀಚ್ಡ್ ದ ಬಾಯ್ಸ್’ (ತಲುಪಿದ್ದು ಹುಡುಗರನ್ನು, ‘ಟು’ ಬೇಡ), ‘ಎಂಟರ್ಡ್ ದ ಕೇವ್’ (‘ಇನ್‌ಟು’ ಬೇಡ), ‘ಟೋಲ್ಡ್ ದೆಮ್’ (‘ಟು’ ಬೇಡ). ನಾಲ್ಕನ್ನೂ ಒಂದೇ ದಿನ ಒಟ್ಟಿಗೆ ಕೊಟ್ಟರೆ ನೆನಪಿನಲ್ಲಿ ನಿಲ್ಲುತ್ತವೆ.

ಪದಗಳಲ್ಲಿ ನಾನು ಮೊದಲು ಹಿಡಿಯುವುದು ‘ಮುಳುಗು’. ಕನ್ನಡದಲ್ಲಿ ದೋಣಿಯೂ ಮುಳುಗುತ್ತದೆ, ಮನುಷ್ಯನೂ ಮುಳುಗುತ್ತಾನೆ, ಗದ್ದೆಯೂ ಮುಳುಗುತ್ತದೆ. ಡೈವರ್ ಮುಳುಗು ಹಾಕುವುದು ಬೇರೆ. ಇಂಗ್ಲಿಷಿನಲ್ಲಿ ದೋಣಿ ‘ಸಿಂಕ್’, ಉಸಿರು ಕಟ್ಟಿ ಸಾಯುವುದು ‘ಡ್ರೌನ್’, ನೆಲಕ್ಕೆ ನೀರು ನುಗ್ಗುವುದು ‘ಫ್ಲಡ್’, ಬೇಕೆಂದೇ ಒಳಗೆ ಹೋಗುವುದು ‘ಡೈವ್’. ಇದು ಕಲಸಿದರೆ ಸಣ್ಣ ತಪ್ಪಲ್ಲ. ‘ದ ಡೈವರ್ಸ್ ಡ್ರೌನ್ಡ್ ಅಂಡ್ ಫೌಂಡ್ ದ ಬಾಯ್ಸ್’ ಅಂತ ಬರೆದರೆ ಸತ್ತವರು ಹುಡುಗರನ್ನು ಕಂಡಂತಾಯಿತು!

‘ರೈಸ್’ ಮತ್ತು ‘ರೇಯ್ಸ್’ ಕಲಿಸಲು ಮಾತ್ರ ಕನ್ನಡವೇ ಕೈಹಿಡಿಯುತ್ತದೆ. ಏರು, ಏರಿಸು. ‘ಇಸು’ ಇದ್ದಲ್ಲಿ ‘ರೇಯ್ಸ್’. ನೀರು ತಾನೇ ಏರಿತು: ‘ದ ವಾಟರ್ ರೋಸ್’. ಕೈ ಎತ್ತಿದರು: ‘ರೇಯ್ಸ್ಡ್ ಹಿಸ್ ಹ್ಯಾಂಡ್’. ಇಲ್ಲಿ ‘ಇಸು’ ಇಲ್ಲದಿದ್ದರೂ ಎತ್ತುವುದಕ್ಕೆ ಏನಾದರೊಂದು ಬೇಕು, ಬರಿದೇ ‘ಎತ್ತಿದರು’ ಅಂದರೆ ಏನನ್ನು ಅಂತ ಕೇಳುತ್ತೇವಲ್ಲ, ಅದೇ ಪರೀಕ್ಷೆ.

ಹೊಂಗೆಮರ
ಒಟ್ಟು ಎಷ್ಟು ಹೊಸ ಪದ ಇಡಬಹುದು? ನನ್ನ ಪಟ್ಟಿ 60ಕ್ಕೆ ಹೋಗಿದೆ.

ನಿಘಂಟುಪ್ರಿಯೆ
250 ಪದದ ಪಠ್ಯಕ್ಕೆ 60 ಹೊಸ ಪದ ಇಟ್ಟರೆ ಅದು ಓದುವಿಕೆಯಲ್ಲ, ಒಗಟು ಬಿಡಿಸುವುದು. ನೂರು ಪದದಲ್ಲಿ ಗೊತ್ತಿಲ್ಲದ್ದು ಎರಡರಿಂದ ಐದು ಇದ್ದರೆ ಮಾತ್ರ ಉಳಿದದ್ದರ ಆಧಾರದಲ್ಲಿ ಅರ್ಥ ಊಹಿಸಲು ಸಾಧ್ಯ. ಅಂದರೆ ನಿಮ್ಮ ಪಠ್ಯಕ್ಕೆ ಹೆಚ್ಚೆಂದರೆ 12. ನನ್ನ ಆಯ್ಕೆ: ಕೇವ್, ಎಂಟ್ರೆನ್ಸ್, ಲೆಡ್ಜ್ (ಬಂಡೆಯ ಚಾಚು), ಡ್ರಿಪ್, ಫ್ಲಡ್, ರೈಸ್, ಟ್ರ್ಯಾಪ್, ಮಿಸ್ಸಿಂಗ್, ಸರ್ಚ್, ಬ್ರೀದ್, ರೆಸ್ಕ್ಯೂ, ಸರ್ವೈವ್. ‘ಸ್ಟ್ಯಾಲಕ್ಟೈಟ್’, ‘ಹೈಪೋಥರ್ಮಿಯಾ’ ಎಲ್ಲ ಬಿಡಿ. ಕೇಳಲು ಭಾರಿಯಾಗಿರುತ್ತವೆ, ಜೀವನದಲ್ಲಿ ಎರಡನೇ ಸಲ ಬೇಕಾಗುವುದು ಕಷ್ಟ.

ಪಟ್ಟಿಯನ್ನು ‘ಪದ–ಅರ್ಥ’ ಎಂದು ಎರಡು ಕಾಲಂ ಮಾಡಿ ಬಾಯಿಪಾಠ ಮಾಡಿಸುವುದೂ ಬೇಡ. ಪ್ರತಿ ಪದಕ್ಕೂ ಅದರ ಜೊತೆಗಾರ ಪದ ಸೇರಿಸಿಯೇ ಬರೆಸಿ: ‘ರೆಸ್ಕ್ಯೂ ಟೀಮ್’, ‘ಗೋ ಮಿಸ್ಸಿಂಗ್’, ‘ಸರ್ಚ್ ಫಾರ್ ದ ಬಾಯ್ಸ್’. ‘ಸರ್ಚ್ ದ ಕೇವ್’ ಅಂದರೆ ಗುಹೆಯೊಳಗೆ ಹುಡುಕು. ‘ಸರ್ಚ್ ಫಾರ್ ದ ಬಾಯ್ಸ್’ ಅಂದರೆ ಹುಡುಗರಿಗಾಗಿ ಹುಡುಕು. ‘ಫಾರ್’ ಬಿಟ್ಟು ‘ಸರ್ಚ್ಡ್ ದ ಬಾಯ್ಸ್’ ಅಂದರೆ ಪೊಲೀಸರು ಹುಡುಗರ ಜೇಬು ತಡಕಿದಂತೆ.

ಮರುಕಳಿಕೆ ಮುಖ್ಯ. ಮೊದಲ ದಿನ ಕೊಟ್ಟ ಪದ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಬರಬೇಕು, ಪ್ರತಿಸಲ ಬೇರೆ ವಾಕ್ಯದಲ್ಲಿ. ಎರಡನೇ ವಾರ ಅದೇ 12 ಪದ ಬಳಸಿ ಬೇರೆ ಘಟನೆ ಬರೆಸಿ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್‌ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು 17 ದಿನ ಸಿಕ್ಕಿಕೊಂಡಿದ್ದರಲ್ಲ, ಅದು ಸರಿಹೊಂದುತ್ತದೆ. ‘ಕೇವ್’ ಹೋಗಿ ‘ಟನಲ್’ ಬರುತ್ತದೆ, ಮುಕ್ಕಾಲು ಪದ ಹಾಗೇ ಉಳಿಯುತ್ತವೆ.

ಅಂಚೆಪೆಟ್ಟಿಗೆ
ಅಲ್ಲಿಗೆ ಯಾಕೆ ಹೋಗಬೇಕು, ಅದೇ 2018ರ ಆಗಸ್ಟ್‌ನ ಕೊಡಗಿನ ಭೂಕುಸಿತ ಇದೆಯಲ್ಲ?

ನಿಘಂಟುಪ್ರಿಯೆ
ಕೊಡಗಿನಲ್ಲಿ ಮನೆಯವರನ್ನು ಕಳೆದುಕೊಂಡವರ ಮಕ್ಕಳೇ ತರಗತಿಯಲ್ಲಿ ಕೂತಿರಬಹುದು. ವ್ಯಾಕರಣದ ಅಭ್ಯಾಸಕ್ಕೆ ಅದನ್ನು ಎಳೆಯುವುದು ನನಗೆ ಸರಿ ಕಾಣುವುದಿಲ್ಲ. ದೂರದ ಘಟನೆ, ಅದರಲ್ಲೂ ಬಹುತೇಕ ಎಲ್ಲರೂ ಬದುಕಿದ್ದು, ಪಾಠಕ್ಕೆ ಲೇಸು. ದೊಡ್ಡವರ ತರಗತಿಯಾದರೆ ಬೇರೆ ಮಾತು.

ಮೌನರಾಗ
ಉಚ್ಚಾರದ ಬಗ್ಗೆ ಯಾರೂ ಹೇಳಲಿಲ್ಲ. ಈ ಪಾಠದಲ್ಲಿ ‘-ಇಡಿ’ ಹತ್ತುವ ಕ್ರಿಯಾಪದ ರಾಶಿ ಬರುತ್ತವೆ, ಮಕ್ಕಳು ಎಲ್ಲವನ್ನೂ ‘ಟ್ರ್ಯಾಪೆಡ್, ರೆಸ್ಕ್ಯೂಯೆಡ್’ ಅಂತ ಎಳೆಯುತ್ತಾರೆ. ಮೂರು ಸದ್ದು ಇವೆ. ‘ಪ, ಕ, ಸ, ಶ, ಚ, ಫ’ ಸದ್ದಿನಲ್ಲಿ ಮುಗಿದರೆ ‘ಟ್’: ಟ್ರ್ಯಾಪ್ಟ್, ಸರ್ಚ್ಟ್, ಆಸ್ಕ್ಟ್. ಸ್ವರದಲ್ಲೋ ಗಂಟಲು ಅದುರುವ ಸದ್ದಿನಲ್ಲೋ ಮುಗಿದರೆ ‘ಡ್’: ರೆಸ್ಕ್ಯೂಡ್, ಸರ್ವೈವ್ಡ್, ಡ್ರೌನ್ಡ್. ‘ಟ’ ಅಥವಾ ‘ಡ’ದಲ್ಲಿ ಮುಗಿದರೆ ಮಾತ್ರ ಇನ್ನೊಂದು ಸ್ವರ ಸೇರುತ್ತದೆ: ಫ್ಲಡಿಡ್, ವೇಯ್ಟಿಡ್. ಗಂಟಲಿಗೆ ಬೆರಳಿಟ್ಟು ‘ಪ್’, ‘ವ್’ ಹೇಳಿಸಿದರೆ ಅದುರುವುದು ಗೊತ್ತಾಗುತ್ತದೆ. ‘ಡ್ರೌಂಡೆಡ್’ ಅಂತೂ ಎಲ್ಲ ಕಡೆ ಕೇಳುತ್ತದೆ. ‘ಡ್ರೌನ್’ಗೆ ಇಲ್ಲದ ‘ಡ’ ಹಚ್ಚಿ ಮೇಲೆ ‘ಎಡ್’ ಸೇರಿಸುವುದು.

‘ಫ್ಲಡ್’ನಲ್ಲಿ ಎರಡು ‘ಓ’ ಕಂಡು ‘ಫ್ಲೂಡ್’ ಅನ್ನುವವರಿಗೆ ‘ಬ್ಲಡ್’ ನೆನಪಿಸಿ. ‘ಬ್ರೆತ್’ ಹೆಸರು, ‘ಬ್ರೀದ್’ ಕೆಲಸ. ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಷ್ಟೇ ಬರೆದುಕೊಳ್ಳಲು ಬಿಡಬೇಡಿ. ಸ್ಪೆಲ್ಲಿಂಗ್ ಬರುವುದಿಲ್ಲ, ಒತ್ತು ಎಲ್ಲಿ ಅನ್ನುವುದೂ ತಿಳಿಯುವುದಿಲ್ಲ. ಇಂಗ್ಲಿಷ್ ಅಕ್ಷರದ ಕೆಳಗೆ ಪೆನ್ಸಿಲ್‌ನಲ್ಲಿ ಕನ್ನಡ, ವಾರದ ಕೊನೆಗೆ ಅಳಿಸುವುದು. ‘ಸರ್ವೈವ್’ನಲ್ಲಿ ಒತ್ತು ಎರಡನೆಯ ಭಾಗದ ಮೇಲೆ, ‘ರೆಸ್ಕ್ಯೂ’ನಲ್ಲಿ ಮೊದಲನೆಯದರ ಮೇಲೆ.

ತುಂಗಾತೀರ
ಕಾಲರೂಪಕ್ಕೆ ಮರಳುತ್ತೇನೆ, ಇದು ಎಲ್ಲಕ್ಕಿಂತ ಮೊಂಡು ತಪ್ಪು. ಕನ್ನಡದ ‘ಹೋಗಿದ್ದರು’. ‘ನಿನ್ನೆ ಸಂತೆಗೆ ಹೋಗಿದ್ದೆ’ ಅನ್ನುವುದು ನಮಗೆ ಬರೀ ಭೂತಕಾಲ. ಹಾಗಾಗಿ ‘ಯೆಸ್ಟರ್ಡೇ ಐ ಹ್ಯಾಡ್ ಗಾನ್’ ಅಂತ ಎಲ್ಲರೂ ಅನ್ನುತ್ತಾರೆ. ಇಂಗ್ಲಿಷಿನ ‘ಹ್ಯಾಡ್’ ಒಂಟಿಯಾಗಿ ನಿಲ್ಲುವುದಿಲ್ಲ, ನಂತರ ನಡೆದ ಇನ್ನೊಂದು ಸಂಗತಿ ಅದಕ್ಕೆ ಬೇಕು.

ಬೋರ್ಡಿನ ಮೇಲೆ ಒಂದು ಗೆರೆ ಎಳೆದು ನಾಲ್ಕು ಚುಕ್ಕೆ ಇಡಿ: ಸೈಕಲ್ ಬಿಟ್ಟದ್ದು, ಒಳಗೆ ಹೋದದ್ದು, ನೀರು ಏರಿದ್ದು, ಸೈಕಲ್ ಸಿಕ್ಕಿದ್ದು. ಚುಕ್ಕೆಗಳನ್ನು ನಡೆದ ಕ್ರಮದಲ್ಲೇ ಹೇಳಿದರೆ ಎಲ್ಲವೂ ಸರಳ ಭೂತ: ‘ದೇ ಲೆಫ್ಟ್ ದೇರ್ ಬೈಸಿಕಲ್ಸ್ ಅಂಡ್ ವೆಂಟ್ ಇನ್. ದ ವಾಟರ್ ರೋಸ್.’ ಒಂದೇ ಒಂದು ‘ಹ್ಯಾಡ್’ ಬೇಡ. ಮುಂದಿನ ಚುಕ್ಕೆಯಲ್ಲಿ ನಿಂತು ಹಿಂದಕ್ಕೆ ತಿರುಗಿದಾಗ ಮಾತ್ರ ‘ಹ್ಯಾಡ್’: ‘ಪೀಪಲ್ ಫೌಂಡ್ ದ ಬೈಸಿಕಲ್ಸ್ ದ ಬಾಯ್ಸ್ ಹ್ಯಾಡ್ ಲೆಫ್ಟ್ ಅಟ್ ದ ಎಂಟ್ರೆನ್ಸ್.’ ಕಥೆಯನ್ನು ಒಮ್ಮೆ ಹುಡುಗರ ಕಡೆಯಿಂದ, ಒಮ್ಮೆ ಹುಡುಕುವವರ ಕಡೆಯಿಂದ ಬರೆಸಿದರೆ ‘ಹ್ಯಾಡ್’ ಬರೀ ಎರಡನೆಯದರಲ್ಲಿ ಬರುತ್ತದೆ. ವಿವರಣೆ ಕೊಡದೆಯೇ ಅರ್ಧ ಜನಕ್ಕೆ ಹೊಳೆಯುತ್ತದೆ.

ಜೋಳದರೊಟ್ಟಿ
ಇದರ ತಮ್ಮ ‘ಇಫ್’. ‘ಮಳೆ ಬರದಿದ್ರ ಹೊರಗ ಬರ್ತಿದ್ರು.’ ‘ಬರ್ತಿದ್ರು’ ಅಂತ ಐತಲ್ಲ, ಅದನ್ನ ‘ವರ್ ಕಮಿಂಗ್’ ಮಾಡತಾರ: ‘ಇಫ್ ರೇನ್ ಡಿಡ್ ನಾಟ್ ಕಮ್ ದೇ ವರ್ ಕಮಿಂಗ್ ಔಟ್.’ ಸರಿ ವಾಕ್ಯ: ‘ಇಫ್ ಇಟ್ ಹ್ಯಾಡ್ ನಾಟ್ ರೇಯ್ನ್ಡ್, ದೇ ವುಡ್ ಹ್ಯಾವ್ ಕಮ್ ಔಟ್ ದ ಸೇಮ್ ಡೇ.’ ‘ದ್ರ’ ಇದ್ದ ಕಡೆ ‘ಹ್ಯಾಡ್’, ‘ತಿದ್ರು’ ಇದ್ದ ಕಡೆ ‘ವುಡ್ ಹ್ಯಾವ್’. ಇದ ಅಚ್ಚಿನಾಗ ಐದು ವಾಕ್ಯ ಬಾಯಿಲೆ ಹೇಳಿಸ್ರಿ, ಆಮ್ಯಾಲೆ ಬರಸ್ರಿ. ಎಲ್ಲಾ ‘ದ್ರ’ಗೂ ಇದು ನಡಿಯೂದಿಲ್ಲ ಮತ್ತ. ‘ಮಳೆ ಬಂದ್ರ ಹೋಗೂದಿಲ್ಲ’ ಅಂದ್ರ ಇನ್ನೂ ಆಗದ ಮಾತು, ಅಲ್ಲಿ ‘ಇಫ್ ಇಟ್ ರೇಯ್ನ್ಸ್’. ಆಗಿ ಹೋದದ್ದು, ಬದಲಿಸಾಕ ಬರದಿದ್ದು ಇದ್ರಷ್ಟ ‘ಹ್ಯಾಡ್’.

ಕಡಲಕರೆ
ರಿಪೋರ್ಟೆಡ್ ಸ್ಪೀಚ್‌ಗೆ ಆ ವಿಡಿಯೋ ಸಂಭಾಷಣೆಯೇ ಸಾಮಗ್ರಿ. ‘ಎಷ್ಟು ಜನ ಅಂತ ಕೇಳಿದರು’ ಅನ್ನುವ ‘ಅಂತ’ ನೋಡಿ ‘ಆಸ್ಕ್ಡ್ ದಟ್ ಹೌ ಮೆನಿ ಆರ್ ಯು’ ಬರೆಯುತ್ತಾರೆ. ಪ್ರಶ್ನಾಪದ ಇದ್ದರೆ ‘ದಟ್’ ಬೇಡ, ಅದರ ಕೆಲಸ ‘ಹೌ ಮೆನಿ’ಯೇ ಮಾಡುತ್ತದೆ. ಆಮೇಲೆ ಪ್ರಶ್ನೆಯ ತಿರುವುಮುರುವು ನೆಟ್ಟಗಾಗಬೇಕು: ‘ಹೀ ಆಸ್ಕ್ಡ್ ಹೌ ಮೆನಿ ಆಫ್ ದೆಮ್ ದೇರ್ ವರ್.’ ಹತ್ತು ದಿನದ ವಾಕ್ಯ: ‘ಹೀ ಟೋಲ್ಡ್ ದೆಮ್ ದಟ್ ದೇ ಹ್ಯಾಡ್ ಬೀನ್ ದೇರ್ ಟೆನ್ ಡೇಸ್.’ ‘ಹಿಯರ್’ ಯಾಕೆ ‘ದೇರ್’ ಆಯ್ತು ಅಂದರೆ, ನಾವು ಗುಹೆಯ ಒಳಗಿಲ್ಲ.

ಅದೇ ವಿಡಿಯೋದಲ್ಲಿ ಡೈವರ್ ‘ದೇರ್ಸ್ ಟೂ ಆಫ್ ಅಸ್’ ಅನ್ನುತ್ತಾರೆ. ಬರವಣಿಗೆಯಲ್ಲಿ ‘ದೇರ್ ಆರ್’. ಬ್ರಿಟಿಷರೇ ಹೀಗೆ ಅಂದಿದ್ದಾರೆ ಅಂತ ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುತ್ತದೆ, ಮಾತಾಡುವಾಗ ಅಂದರೆ ಯಾರೂ ಏನೂ ಹೇಳುವುದಿಲ್ಲ. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ನಿಘಂಟುಪ್ರಿಯೆ
ಪಠ್ಯ ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಪತ್ರಿಕೆಯ ತಲೆಬರಹ ಅಂಟಿಸಬೇಡಿ. ‘ಬಾಯ್ಸ್ ಫೌಂಡ್ ಅಲೈವ್’ ಥರದ ಸಾಲಿನಲ್ಲಿ ‘ದ’ ಇಲ್ಲ, ‘ವರ್’ ಇಲ್ಲ. ಈಗಷ್ಟೇ ‘ವರ್ ಫೌಂಡ್’ ಕಲಿತವರು ಹುಡುಗರು ಏನನ್ನೋ ಕಂಡುಹಿಡಿದರು ಅಂತ ಓದಿಕೊಳ್ಳುತ್ತಾರೆ. ‘ಡೈವರ್ ಡೈಸ್’ ಅಂತ ವರ್ತಮಾನದಲ್ಲಿರುತ್ತದೆ, ನಡೆದದ್ದು ನಿನ್ನೆ. ಪಠ್ಯ ನೀವೇ ಬರೆಯಿರಿ, ವಾಕ್ಯಕ್ಕೆ 12 ಪದ ಮೀರದಂತೆ. ತಲೆಬರಹ ಬೇಕಿದ್ದರೆ ಕೊನೆಯ ದಿನ ಕೊಟ್ಟು, ಬಿಟ್ಟುಹೋದ ಪದ ತುಂಬಿಸುವ ಅಭ್ಯಾಸ ಮಾಡಿಸಿ.

‘ಎ’, ‘ದ’ ಕೂಡ ಹಾಗೇ ತಾನಾಗಿ ಬರುತ್ತದೆ. ಮೊದಲ ಸಲ ‘ಎ ಕೇವ್’, ಆಮೇಲೆ ‘ದ ಕೇವ್’. ‘ಅಲ್ಲಿ’ ಪ್ರತ್ಯಯ ಮೂರಾಗಿ ಒಡೆಯುತ್ತದೆ: ‘ಇನ್ ದ ಕೇವ್’, ‘ಆನ್ ಎ ಲೆಡ್ಜ್’, ‘ಅಟ್ ದ ಎಂಟ್ರೆನ್ಸ್’. ಗುಹೆಯ ಅಡ್ಡಸೀಳು ಚಿತ್ರ ಬರೆದು ಮೂರು ಕಡೆ ಬಾಣ ಹಾಕಿದರೆ ಹತ್ತು ನಿಮಿಷದ ಕೆಲಸ.

ಹೊಂಗೆಮರ
ಹೊರತಂದ ರೀತಿ ಹೇಳಬೇಕೇ? ಹುಡುಗರಿಗೆ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟಿದ್ದನ್ನು 14 ವರ್ಷದವರಿಗೆ ಹೇಳುವುದೋ ಬಿಡುವುದೋ ಅಂತ ಅನುಮಾನ.

ಮೌನರಾಗ
ಹೇಳಬೇಕು. ‘ಈಜಿ ಬರಬಹುದಿತ್ತಲ್ಲ’ ಅನ್ನುವುದೇ ಮಕ್ಕಳ ಮೊದಲ ಪ್ರಶ್ನೆ. ಇಕ್ಕಟ್ಟಿನ, ಕೆಸರು ನೀರು ತುಂಬಿದ ದಾರಿಯಲ್ಲಿ ಡೈವಿಂಗ್ ಗೊತ್ತಿಲ್ಲದವನು ಗಾಬರಿಗೊಂಡು ಮಾಸ್ಕ್ ಕಿತ್ತರೆ ಅವನೂ ಉಳಿಯುವುದಿಲ್ಲ, ಕರೆತರುವವನಿಗೂ ಅಪಾಯ. ಅದಕ್ಕೇ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ, ಸ್ವತಃ ಗುಹೆ ಡೈವರ್ ಆದ ರಿಚರ್ಡ್ ಹ್ಯಾರಿಸ್ ಕೆಟಮಿನ್ ಕೊಟ್ಟು ಪ್ರಜ್ಞೆ ತಪ್ಪಿಸಿದರು, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿ ಡೈವರ್‌ಗಳು ಒಬ್ಬೊಬ್ಬರನ್ನೇ ತಂದರು. ಔಷಧದ ಹೆಸರು ಬೇಡವಾದರೆ ಬಿಡಿ, ಕಾರಣ ಬಿಡಬೇಡಿ. ‘ಸೋ ದಟ್ ದೇ ವುಡ್ ನಾಟ್ ಪ್ಯಾನಿಕ್’ ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಸಮನ್ ಕುನಾನ್ ಸಾವನ್ನೂ ಮುಚ್ಚಿಡಬೇಡಿ, ಒಂದು ವಾಕ್ಯ ಸಾಕು.

ಹುಡುಗರು ಒಳಗಿಂದ ಮನೆಗೆ ಬರೆದ ಚೀಟಿಗಳೂ ಇವೆ, ಥಾಯ್ ಭಾಷೆಯಲ್ಲಿ. ಚಿಂತೆ ಮಾಡಬೇಡಿ, ಮೇಷ್ಟ್ರು ಜಾಸ್ತಿ ಹೋಂವರ್ಕ್ ಕೊಡಬಾರದು ಅಂತೆಲ್ಲ. ‘ಡೋಂಟ್’ ವಾಕ್ಯಕ್ಕೆ ಬಳಸಿ, ಹೋಂವರ್ಕ್ ಸಾಲಿಗೆ ತರಗತಿ ನಗದೇ ಇರುವುದಿಲ್ಲ.

ಅಂಚೆಪೆಟ್ಟಿಗೆ
ನೀರು ಪಂಪ್ ಮಾಡುವ ಕೆಲಸಕ್ಕೆ ನಮ್ಮ ಕಿರ್ಲೋಸ್ಕರ್ ಬ್ರದರ್ಸ್ ತಜ್ಞರೂ ಹೋಗಿದ್ದರು. ಆ ಮನೆತನದ ಉದ್ಯಮ ಶುರುವಾದದ್ದು ಬೆಳಗಾವಿಯಲ್ಲಿ. ‘ಪಂಪ್ ಔಟ್’ ಪದ ಕೂಡ ಸೇರಿಸಿ.

ಕೊನೆಯ ದಿನದ ಪರೀಕ್ಷೆಗೆ ನಾಲ್ಕು ವಾಕ್ಯ, ಉತ್ತರ ಸಮೇತ, ನೋಡಿ ಹೇಳಿ. ಒಂದು: ‘ದ ಬಾಯ್ಸ್ ವರ್ ಟ್ರ್ಯಾಪ್ಡ್ ಬೈ ದ ರೈಸಿಂಗ್ ವಾಟರ್.’ ಎರಡು: ‘ದೇ ಹ್ಯಾಡ್ ಈಟನ್ ನಥಿಂಗ್ ಸಿನ್ಸ್ ಸ್ಯಾಟರ್ಡೇ ವೆನ್ ದ ಡೈವರ್ಸ್ ಫೌಂಡ್ ದೆಮ್.’ ಮೂರು: ‘ಆಲ್ದೋ ದೇ ವರ್ ವೀಕ್, ಬಟ್ ದೇ ವರ್ ಅಲೈವ್.’ ನಾಲ್ಕು: ‘ದ ಆಕ್ಸಿಜನ್ ಲೆವೆಲ್ ಫೆಲ್ ಬೈ 15 ಪರ್ಸೆಂಟ್.’

ತುಂಗಾತೀರ
ಒಂದು ಸರಿ. ಎರಡರಲ್ಲಿ ‘ಸ್ಯಾಟರ್ಡೇ’ ಅಂದರೆ ಎರಡು ದಿನದ ಹಿಂದಿನ ಶನಿವಾರ ಅಂತ ತಿಳಿಯುತ್ತಾರೆ, ಸಿಕ್ಕಿದ್ದು ಸೋಮವಾರ ತಾನೆ. ‘ಸಿನ್ಸ್ 23 ಜೂನ್’ ಅನ್ನಿ. ಮೂರರಲ್ಲಿ ‘ಆದರೂ’ಗೆ ‘ಆಲ್ದೋ’, ‘ಆದರೆ’ಗೆ ‘ಬಟ್’ ಎರಡೂ ಕೂತಿವೆ, ಒಂದನ್ನು ತೆಗೆಯಿರಿ. ನಾಲ್ಕರಲ್ಲಿ ‘ಬೈ’ ಅಲ್ಲ, ‘ಟು’. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21ರ ಆಸುಪಾಸು, ಗುಹೆಯಲ್ಲಿ ಅದು ಶೇ 15ಕ್ಕೆ ಇಳಿದಿತ್ತು. ‘ಬೈ 15’ ಅಂದರೆ 21ರಲ್ಲಿ 15 ಕಳೆದು 6 ಉಳಿಯಿತು ಅಂತ ಓದಿಕೊಳ್ಳಬಹುದು, ಅಷ್ಟರಲ್ಲಿ ಯಾರೂ ಬದುಕಿರಲಾರರು. ‘ಫೆಲ್ ಟು 15 ಪರ್ಸೆಂಟ್’ ಮಾಡಿ ಅಚ್ಚಿಗೆ ಕೊಡಿ.